ಆನ್‌ಲೈನ್ ಮಾತಿಗೆ ಸೌಜನ್ಯ ಕಲಿಸಲು ಎಐಗೆ ಸಾಧ್ಯವೇ?

ಕಮೆಂಟ್ ಬರೆಯುವಾಗಲೇ ಎಚ್ಚರಿಸುವ, ಕಟು ಮಾತಿಗೆ ಮೆದುವಾದ ಬದಲಿ ಸೂಚಿಸುವ, ಬೈಗುಳವನ್ನು ಓದುಗರ ಕಣ್ಣಿಗೆ ಬೀಳುವ ಮೊದಲೇ ಮರೆಮಾಡುವ ಕೃತಕ ಬುದ್ಧಿಮತ್ತೆ ಈಗ ಹಲವು ಜಾಲತಾಣಗಳಲ್ಲಿ ಕೆಲಸ ಮಾಡುತ್ತಿದೆ. ಅದರಿಂದ ಅಲ್ಲಿ ದಯೆ, ಗೌರವ ಹೆಚ್ಚುತ್ತದೆಯೇ? ಎರಡು ನಿಲುವುಗಳು ಇಲ್ಲಿವೆ.

ಪರ: ಕಳಿಸುವ ಮುನ್ನ ಒಂದು ಕ್ಷಣ ಸಿಗಲಿ

ಎದುರೆದುರು ಕೂತು ಮಾತಾಡುವಾಗ ನಾವು ಎಷ್ಟೋ ಮಾತು ನುಂಗಿಕೊಳ್ಳುತ್ತೇವೆ. ಕೇಳುವವರು ಹುಬ್ಬು ಗಂಟಿಕ್ಕಿದ್ದು ಕಂಡರೆ ದನಿ ತಾನಾಗಿ ಇಳಿಯುತ್ತದೆ. ಅವರ ಕಣ್ಣಂಚು ಒದ್ದೆಯಾದರೆ ನಾಲಿಗೆ ತುದಿಗೆ ಬಂದದ್ದೂ ಅಲ್ಲೇ ಉಳಿಯುತ್ತದೆ. ಫೋನಿನ ಪರದೆಯಲ್ಲಿ ಈ ಯಾವ ತಡೆಯೂ ಇಲ್ಲ. ಬೆರಳು ಓಡುತ್ತದೆ, ಮಾತು ಹೊರಟುಹೋಗುತ್ತದೆ, ಅದು ತಗುಲಿದವರ ಮುಖ ನಮಗೆ ಕಾಣುವುದೇ ಇಲ್ಲ.

ಮುಖ ಕಾಣದಿರುವಾಗ, ಹೆಸರು ಮರೆಯಲ್ಲಿರುವಾಗ ಮನುಷ್ಯ ತನ್ನ ಹಿಡಿತವನ್ನು ತಾನೇ ಸಡಿಲಿಸುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದರು. ಹೈಫಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದನ್ನು ಇನ್ನೂ ಬಿಡಿಸಿ ನೋಡಿದರು. ಹೆಸರು ಗೊತ್ತಿಲ್ಲದಿರುವುದು, ಆಳು ಕಾಣದಿರುವುದು, ಕಣ್ಣಿಗೆ ಕಣ್ಣು ಕೂಡದಿರುವುದು ಈ ಮೂರರಲ್ಲಿ ಮಾತನ್ನು ಹೆಚ್ಚು ಕೆಡಿಸುವುದು ಯಾವುದು? 2012ರಲ್ಲಿ ಪ್ರಕಟವಾದ ಅವರ ಪ್ರಯೋಗದ ಉತ್ತರ: ಕಣ್ಣು ಕೂಡದಿರುವುದು. ಅಸಲಿ ಹೆಸರು ಹಾಕಲು ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಫಲಿತಾಂಶವನ್ನು ಗಮನಿಸಬೇಕು. ಸ್ವಂತ ಹೆಸರು, ಸ್ವಂತ ಫೋಟೊ ಇಟ್ಟುಕೊಂಡೇ ಹೊಲಸು ಬರೆಯುವವರನ್ನು ನಾವೆಲ್ಲ ನೋಡಿದ್ದೇವೆ.

ಬೈಯುವವರು ಯಾವಾಗಲೂ ಬೈಯುವವರೇ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ತೋರಿಸಿದಂತೆ, ಆಗ ತಾನೇ ಮನಸ್ಸು ಕೆಟ್ಟಿರುವಾಗ, ಅದರ ಜತೆಗೆ ಮೇಲಿನ ಕಮೆಂಟುಗಳಲ್ಲಿ ಆಗಲೇ ಕಿತ್ತಾಟ ನಡೆದಿರುವಾಗ, ಸಾಮಾನ್ಯವಾಗಿ ಸಭ್ಯವಾಗಿರುವವರೂ ಟ್ರೋಲ್ ಮಾಡತೊಡಗುತ್ತಾರೆ. ನನಗೆ ಈ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಕೆಡುಕು ಬಹುಪಾಲು ಒಂದು ಗಳಿಗೆಯದ್ದಾದರೆ, ಆ ಗಳಿಗೆಯಲ್ಲಿ ಪಕ್ಕದಲ್ಲಿ ಯಾರಾದರೂ ಇರುವುದು ಉಪಯೋಗಕ್ಕೆ ಬರುತ್ತದೆ. ಕೋಟ್ಯಂತರ ಜನರ ಪಕ್ಕದಲ್ಲಿ, ರಾತ್ರಿ ಎರಡು ಗಂಟೆಯಲ್ಲೂ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಇರಲು ಮನುಷ್ಯರಿಂದ ಆಗುವುದಿಲ್ಲ. ಯಂತ್ರದಿಂದ ಆಗುತ್ತದೆ.

ಇದನ್ನು ಮಾಡಿಯೂ ನೋಡಿದ್ದಾರೆ. ಬರೆಯುತ್ತಿರುವ ಕಮೆಂಟ್ ನೋವುಂಟುಮಾಡುವಂತಿದೆ ಎಂದು ಎಐಗೆ ಅನ್ನಿಸಿದರೆ, ನಿಜವಾಗಿ ಇದನ್ನು ಹಾಕಬೇಕೆ ಎಂದು ಕೇಳುವ ವ್ಯವಸ್ಥೆಯನ್ನು ಇನ್‌ಸ್ಟಾಗ್ರಾಂ 2019ರ ಜುಲೈನಲ್ಲಿ ತಂದಿತು. ಟ್ವಿಟರ್ 2020ರಲ್ಲಿ ಇಂಥದ್ದೇ ಸೂಚನೆಯನ್ನು ಪರೀಕ್ಷಿಸತೊಡಗಿತು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೂಚನೆ ಕಂಡ ಸಂದರ್ಭಗಳಲ್ಲಿ ಶೇ 9ರಷ್ಟು ಟ್ವೀಟುಗಳನ್ನು ಬರೆದವರೇ ಕೈಬಿಟ್ಟರು, ಶೇ 22ರಷ್ಟನ್ನು ತಿದ್ದಿದರು. ಸೂಚನೆ ಕಂಡವರು ಕಾಣದವರಿಗಿಂತ ಒಟ್ಟಾರೆ ಶೇ 6ರಷ್ಟು ಕಡಿಮೆ ನಿಂದನೆಯ ಟ್ವೀಟ್ ಹಾಕಿದರು. ಶೇ 6 ಎಂದರೆ ಎಷ್ಟು ಸಣ್ಣದು ಎನ್ನಿಸಬಹುದು. ಆದರೆ ಇಲ್ಲಿ ಯಾರನ್ನೂ ಬ್ಲಾಕ್ ಮಾಡಿಲ್ಲ, ಯಾರ ಪೋಸ್ಟನ್ನೂ ತೆಗೆದಿಲ್ಲ, ಯಾರಿಗೂ ದಂಡ ಹಾಕಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನಾದದ್ದಕ್ಕೆ ಇಷ್ಟು ಜನ ತಮ್ಮ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಆ ತೆಗೆದುಕೊಂಡ ಒಂದೊಂದು ಮಾತಿನ ಆಚೆ ಕಡೆಗೂ ಒಬ್ಬ ಮನುಷ್ಯ ಇದ್ದಾನೆ.

ಸೂಚನೆ ಹೇಗಿರಬೇಕು ಎಂಬುದನ್ನು ಹತ್ತಿರದಿಂದ ನೋಡೋಣ. ಮಗುವಿಗೆ ರಾತ್ರಿಯಿಂದ ಜ್ವರ ಬಿಡುತ್ತಿಲ್ಲ, ಮನೆಯಲ್ಲಿ ದೊಡ್ಡವರಿಗೆ ಬರೆದುಕೊಟ್ಟ ಮಾತ್ರೆ ಇದೆ, ಅರ್ಧ ಮಾಡಿ ಕೊಡಬಹುದೇ ಎಂದು ಹೊಸ ತಾಯಂದಿರ ಗುಂಪೊಂದರಲ್ಲಿ ಒಬ್ಬಾಕೆ ಕೇಳುತ್ತಾಳೆ ಎಂದುಕೊಳ್ಳಿ. ಇನ್ನೊಬ್ಬಾಕೆ ಸಿಟ್ಟಿನಲ್ಲಿ ಬರೆಯುತ್ತಾಳೆ: “ಇಷ್ಟೂ ಗೊತ್ತಿಲ್ಲದವರು ಯಾಕಮ್ಮ ಮಕ್ಕಳನ್ನು ಹೆರುತ್ತೀರಿ? ಕೊಂದುಬಿಡ್ತೀರಿ ಒಂದು ದಿನ.” ಈ ಸಿಟ್ಟಿನ ಒಳಗಿರುವುದು ಕಾಳಜಿಯೇ. ಮಗುವಿಗೆ ಏನಾದರೂ ಆದೀತೆಂಬ ಭಯ ಅದು. ಆದರೆ ಓದುವ ತಾಯಿಗೆ ಭಯ ಕಾಣುವುದಿಲ್ಲ, ಅವಮಾನ ಮಾತ್ರ ಕಾಣುತ್ತದೆ. ಅವಳು ಪೋಸ್ಟ್ ಅಳಿಸುತ್ತಾಳೆ, ಇನ್ನೊಮ್ಮೆ ಕೇಳುವುದಿಲ್ಲ, ಮಾತ್ರೆಯನ್ನು ಅರ್ಧ ಮಾಡಿ ಕೊಟ್ಟೂಬಿಡಬಹುದು. ಕಳಿಸುವ ಮುನ್ನ ಎಐ ಇನ್ನೊಂದು ರೂಪ ತೋರಿಸಿತು ಎಂದಿಟ್ಟುಕೊಳ್ಳಿ: “ದಯವಿಟ್ಟು ಕೊಡಬೇಡಿ. ದೊಡ್ಡವರ ಮಾತ್ರೆ ಮಗುವಿಗೆ ಅಪಾಯ ಆಗಬಹುದು. ಈಗಲೇ ಡಾಕ್ಟರಿಗೆ ಫೋನ್ ಮಾಡಿ.” ಹೇಳಬೇಕಾದ ವಿಷಯ ಒಂದಿಷ್ಟೂ ಕಡಿಮೆಯಾಗಿಲ್ಲ, ಇನ್ನೂ ಗಟ್ಟಿಯಾಗಿದೆ. ಬಿದ್ದುಹೋದದ್ದು ತಿರಸ್ಕಾರ ಮಾತ್ರ. ಬರೆದಾಕೆಗೆ ಬೇಕಾದರೆ ಅದನ್ನು ಒಪ್ಪಬಹುದು, ಬೇಡವಾದರೆ ತನ್ನದನ್ನೇ ಕಳಿಸಬಹುದು.

ಅಭಿಪ್ರಾಯ ಹಾಗೇ ಉಳಿದು ಅವಮಾನ ಮಾತ್ರ ಹೋಗುವುದು ಸಾಧ್ಯವೇ ಎಂದು ಕೇಳುವವರಿಗೆ 2023ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ ಬಂದೂಕು ನಿಯಂತ್ರಣದಷ್ಟು ಜನರನ್ನು ಒಡೆಯುವ ವಿಷಯ ಕಡಿಮೆ. ಅದರ ಬಗ್ಗೆ ವಿರುದ್ಧ ನಿಲುವಿನ ಸುಮಾರು 1,500 ಜನರನ್ನು ಇಬ್ಬಿಬ್ಬರಂತೆ ಆನ್‌ಲೈನ್ ಮಾತುಕತೆಗೆ ಕೂರಿಸಿದರು. ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಎಐ ನೆರವು ಇತ್ತು. ಅವರು ಬರೆದ ಮಾತನ್ನು ಅದು ಇನ್ನಷ್ಟು ಸೌಜನ್ಯದಿಂದ, ಅಥವಾ ಎದುರಿನವರ ಮಾತನ್ನು ಕೇಳಿಸಿಕೊಂಡಿದ್ದೇನೆ ಎಂದು ತಿಳಿಯುವ ಹಾಗೆ, ಬೇರೆ ಬೇರೆ ರೂಪದಲ್ಲಿ ಮುಂದಿಡುತ್ತಿತ್ತು. ಆಯ್ಕೆ ಅವರದ್ದೇ. ನೆರವು ಪಡೆದವರ ಎದುರಿಗಿದ್ದವರು ಮಾತುಕತೆ ಚೆನ್ನಾಗಿತ್ತು ಎಂದರು, ಬೇರೆ ನಿಲುವಿನವರಿಗೂ ತಮ್ಮ ಮಾತು ಹೇಳುವ ಹಕ್ಕಿದೆ ಎಂದು ಮೊದಲಿಗಿಂತ ಹೆಚ್ಚಾಗಿ ಒಪ್ಪಿದರು. ಬಂದೂಕಿನ ಬಗ್ಗೆ ಅವರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ನನಗೆ ಸಮಾಧಾನ ಕೊಡುವುದು ಈ ಕೊನೆಯ ಸಂಗತಿಯೇ. ಯಂತ್ರ ಯಾರ ತಲೆಯನ್ನೂ ತಿರುಗಿಸಲಿಲ್ಲ, ಜಗಳವಾಡದೆ ಭಿನ್ನಾಭಿಪ್ರಾಯ ಇಟ್ಟುಕೊಳ್ಳಲು ನೆರವಾಯಿತು.

ಇನ್ನೊಂದು ಅಧ್ಯಯನವೂ ಅದೇ ವರ್ಷದ್ದು. ಮನಸ್ಸಿನ ಬೇಗೆಯನ್ನು ಅಪರಿಚಿತರ ಜತೆ ಹಂಚಿಕೊಳ್ಳುವ ಟಾಕ್‌ಲೈಫ್ ಎಂಬ ವೇದಿಕೆಯಿದೆ. ಅಲ್ಲಿ ಸಾಂತ್ವನ ಹೇಳುವವರು ವೃತ್ತಿಪರರಲ್ಲ, ನಿಮ್ಮ ನಮ್ಮಂಥವರು. ಅಂಥ 300 ಜನರಲ್ಲಿ ಕೆಲವರಿಗೆ, ಬರೆಯುತ್ತಿದ್ದ ಹಾಗೇ ಸಲಹೆ ಕೊಡುವ ಎಐ ಒದಗಿಸಿದರು. ಅವರ ಉತ್ತರಗಳಲ್ಲಿ ಸಹಾನುಭೂತಿ ಶೇ 19.6ರಷ್ಟು ಹೆಚ್ಚಿತು. ಸಾಂತ್ವನದ ಮಾತು ಹೇಳುವುದು ತಮಗೆ ಕಷ್ಟ ಎಂದಿದ್ದವರಲ್ಲಿ ಈ ಏರಿಕೆ ಶೇ 38.9. ಎರಡನೆಯ ಸಂಖ್ಯೆಯ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ಮನಸ್ಸಿನಲ್ಲಿ ಮರುಕವಿದ್ದೂ ಬಾಯಿಗೆ ಮಾತು ಬಾರದವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಸಾವಿನ ಸುದ್ದಿ ಕಂಡು ಏನು ಬರೆಯಬೇಕೆಂದು ತೋಚದೆ ಕೈಮುಗಿದ ಇಮೋಜಿ ಹಾಕಿ ಮುಂದೆ ಹೋಗುವವರಿಗೆ ಮನಸ್ಸಿಲ್ಲವೆಂದಲ್ಲ. ಅವರಿಗೆ ಮೊದಲ ಸಾಲು ಸಿಕ್ಕರೆ ಎರಡನೆಯದು ತಮ್ಮದೇ ಬರುತ್ತದೆ.

ಇದೆಲ್ಲ ಕೃತಕ, ಎರವಲು ಸೌಜನ್ಯ ಎನ್ನುವವರಿದ್ದಾರೆ. ಸೌಜನ್ಯ ಎಲ್ಲರಿಗೂ ಎರವಲಾಗಿಯೇ ಬಂದದ್ದು. “ಥ್ಯಾಂಕ್ಸ್ ಹೇಳು”, “ದೊಡ್ಡವರಿಗೆ ಹಾಗೆ ಎದುರು ಮಾತಾಡಬೇಡ” ಎಂದು ಮಕ್ಕಳಿಗೆ ಹೇಳಿಕೊಡುವಾಗ ಅವರಲ್ಲಿ ಕೃತಜ್ಞತೆ ಆಗಲೇ ತುಂಬಿ ತುಳುಕುತ್ತಿರುವುದಿಲ್ಲ. ಮೊದಲು ಮಾತು ರೂಢಿಯಾಗುತ್ತದೆ, ಆಮೇಲೆ ಮನಸ್ಸು ಅದರೊಳಗೆ ಬಂದು ಸೇರುತ್ತದೆ.

ಇನ್ನು, ಈ ಕೆಲಸವನ್ನು ಮನುಷ್ಯರೇ ಮಾಡಲಿ ಎನ್ನುವುದು ಕೇಳಲು ಚೆಂದ. ಮಾಡಿದವರ ಗತಿ ಏನಾಯಿತೆಂದು ನೋಡಬೇಕು. ದಿನವಿಡೀ ಕ್ರೌರ್ಯದ ವಿಡಿಯೊ, ಬೆದರಿಕೆ, ಹೊಲಸು ನೋಡಿ ನೋಡಿ ಮಾನಸಿಕ ಆಘಾತಕ್ಕೊಳಗಾದ ಮಾಡರೇಟರುಗಳ, ಎಂದರೆ ಪೋಸ್ಟುಗಳನ್ನು ಪರಿಶೀಲಿಸುವ ಕೆಲಸದವರ, ಮೊಕದ್ದಮೆಯಲ್ಲಿ ಫೇಸ್‌ಬುಕ್ 2020ರಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಇಷ್ಟು ಭಾರವನ್ನು ಕೆಲವರ ಕಣ್ಣಿಗೆ ಹಾಕಿ ಉಳಿದವರು ಸ್ವಚ್ಛ ಪರದೆ ನೋಡುತ್ತ ಕೂರುವುದು ನ್ಯಾಯವಲ್ಲ. ಅದರಲ್ಲಿ ಯಂತ್ರ ಹೊರಬಲ್ಲದ್ದನ್ನು ಯಂತ್ರ ಹೊರಲಿ.

ಎಐ ತಪ್ಪು ಮಾಡುತ್ತದೆ, ಸಂಶಯವಿಲ್ಲ. ಹಾಗಾಗಿಯೇ ನಾನು ಕೇಳುವುದು ಅಳಿಸುವ ಅಧಿಕಾರಕ್ಕಿಂತ ಕೇಳುವ ಅಧಿಕಾರವನ್ನು ಅದಕ್ಕೆ ಕೊಡಿ ಎಂದು. ತಪ್ಪಾಗಿ ಅಳಿಸಿದರೆ ಒಬ್ಬರ ಮಾತು ಹೋಯಿತು. ತಪ್ಪಾಗಿ “ಇನ್ನೊಮ್ಮೆ ನೋಡುತ್ತೀರಾ?” ಎಂದು ಕೇಳಿದರೆ ಎರಡು ಸೆಕೆಂಡ್ ಹೋಯಿತು, ಅಷ್ಟೆ. ಸೂಚನೆ ಬಂದದ್ದು ಬರೆದವರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯಬಾರದು, ಅದರ ಲೆಕ್ಕ ಇಟ್ಟು ಯಾರನ್ನೂ ಶಿಕ್ಷಿಸಬಾರದು, ಬೇಡವೆಂದವರಿಗೆ ಆಫ್ ಮಾಡುವ ಗುಂಡಿ ಇರಬೇಕು. ಈ ಮೂರು ಕರಾರಿನ ಮೇಲೆ ಅದು ಪ್ರತಿಯೊಂದು ಕಮೆಂಟ್ ಪೆಟ್ಟಿಗೆಯಲ್ಲೂ ಇರಲಿ ಎಂಬುದು ನನ್ನ ಬೇಡಿಕೆ.

ವಿರೋಧ: ನಯವಾಗಿ ಮಾತಾಡಿಸುವುದು ಗೌರವಿಸಿದಂತಲ್ಲ

ಎರಡು ಕಮೆಂಟುಗಳನ್ನು ಓದಿ.

“ಲೇ ಕತ್ತೆ, ಎಲ್ಲಿ ಸತ್ತಿದ್ದೆ ಇಷ್ಟು ದಿನ!”

“ತಾವು ಇಂಥ ವಿಷಯಗಳಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ತಮ್ಮ ಹಿನ್ನೆಲೆಯವರಿಗೆ ಇದು ಅರ್ಥವಾಗುವಂಥದ್ದಲ್ಲ, ತಪ್ಪು ತಮ್ಮದೂ ಅಲ್ಲ ಬಿಡಿ.”

ಮೊದಲನೆಯದು ಹತ್ತು ವರ್ಷದ ಮೇಲೆ ಸಿಕ್ಕ ಗೆಳೆಯನನ್ನು ಬಾಚಿ ತಬ್ಬಿಕೊಂಡ ಮಾತು. ಎರಡನೆಯದು ಬಹುವಚನ ಹಾಕಿ, ಒಂದೂ ಕೆಟ್ಟ ಪದ ಬಳಸದೆ, ಎದುರಿಗಿರುವವರ ಹುಟ್ಟನ್ನೇ ಹೀಯಾಳಿಸಿದ ಮಾತು. ಕನ್ನಡ ಬಲ್ಲ ಹನ್ನೆರಡು ವರ್ಷದ ಹುಡುಗಿಗೂ ಇವುಗಳ ವ್ಯತ್ಯಾಸ ತಿಳಿಯುತ್ತದೆ. ಪದಗಳನ್ನು, ಪದಗಳ ಜೋಡಣೆಯನ್ನು ತೂಗಿ ಅಂಕ ಕೊಡುವ ಯಂತ್ರ ಎಡವುವುದು ಇಲ್ಲೇ. ಕತ್ತೆ, ಸಾವು ಎಂದು ಬಂದ ಕಡೆ ಅದು ಎಚ್ಚರಗೊಳ್ಳುತ್ತದೆ. ತಾವು, ತಮ್ಮ, ಬಿಡಿ ಎಂಬಲ್ಲಿ ನಿರಾಳವಾಗುತ್ತದೆ. ಮಾತು ಯಾರದು, ಯಾರಿಗೆ, ಅವರಿಬ್ಬರ ನಡುವೆ ಹಿಂದೆ ಏನಾಗಿತ್ತು ಎಂಬುದರಲ್ಲಿ ಗೌರವ, ಅಗೌರವ ಇರುತ್ತದೆ. ಆ ಹಿಂದಿನದು ಯಂತ್ರದ ಮುಂದೆ ಇರುವುದಿಲ್ಲ.

ಹೊಸ ಎಐ ಮಾದರಿಗಳು ಹಳೆಯವಕ್ಕಿಂತ ಚುರುಕು, ಸಂದರ್ಭವನ್ನೂ ಒಂದಿಷ್ಟು ಹಿಡಿಯುತ್ತವೆ. ಆದರೆ ಈ ಎಡವಟ್ಟು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಿದರೆ, ಚುರುಕುತನದ ಮಾತು ಸಮಾಧಾನ ಕೊಡುವುದಿಲ್ಲ. ಗೂಗಲ್ ಬಳಗದ ಜಿಗ್ಸಾ ಸಂಸ್ಥೆ 2017ರಲ್ಲಿ ಪರ್‌ಸ್ಪೆಕ್ಟಿವ್ ಎಂಬ ಸಾಧನವನ್ನು ಬಿಡುಗಡೆ ಮಾಡಿತು. ಕಮೆಂಟ್ ಎಷ್ಟು ವಿಷಕಾರಿ ಎಂದು ಅದು ಅಂಕ ಕೊಡುತ್ತದೆ. ಜನ ಅದನ್ನು ಪರೀಕ್ಷಿಸಿ ನೋಡಿದಾಗ “ನಾನು ಗಂಡಸು” ಎಂಬ ವಾಕ್ಯಕ್ಕೆ ಕಡಿಮೆ ಅಂಕ ಬಂತು, “ನಾನು ಸಲಿಂಗಿ ಕಪ್ಪು ಮಹಿಳೆ” ಎಂಬುದಕ್ಕೆ ಬಹಳ ಹೆಚ್ಚು ಅಂಕ ಬಂತು. ಒಬ್ಬಾಕೆ ತಾನು ಯಾರೆಂದು ಹೇಳಿಕೊಂಡದ್ದೇ ನಿಂದನೆಯಂತೆ ಕಂಡಿತು. ಕಾರಣವನ್ನು ಅದನ್ನು ಕಟ್ಟಿದವರೇ ವಿವರಿಸಿದರು: ಯಂತ್ರ ಕಲಿತ ಕಮೆಂಟುಗಳಲ್ಲಿ ಇಂಥ ಗುರುತಿನ ಪದಗಳು ಹೆಚ್ಚಾಗಿ ಬಂದದ್ದು ಬೈಗುಳದ ಜತೆಯಲ್ಲಿ. ಜಗತ್ತು ಯಾರನ್ನು ಹೆಚ್ಚು ಬೈದಿದೆಯೋ ಅವರ ಹೆಸರನ್ನೇ ಯಂತ್ರ ಬೈಗುಳ ಎಂದು ಕಲಿತಿತು. ಆಮೇಲೆ ಅದನ್ನು ತಿದ್ದಲು ದುಡಿದರು, ನಿಜ. 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಕಪ್ಪು ಅಮೆರಿಕನ್ನರು ತಮ್ಮೊಳಗೆ ಆಡುವ ಇಂಗ್ಲಿಷಿನ ಟ್ವೀಟುಗಳಿಗೆ ಇಂಥ ಮಾದರಿಗಳು “ನಿಂದನೆ” ಎಂಬ ಹಣೆಪಟ್ಟಿ ಹಚ್ಚುವ ಸಾಧ್ಯತೆ ಉಳಿದವಕ್ಕಿಂತ ಎರಡು ಪಟ್ಟಿನವರೆಗೂ ಇದೆ ಎಂದು ಕಂಡುಬಂತು.

ಇದು ಇಂಗ್ಲಿಷಿನ ಕತೆ. ಆ ಭಾಷೆಗೆ ಜಿಗ್ಸಾ 2019ರಲ್ಲಿ ಸಂಶೋಧಕರ ಮುಂದಿಟ್ಟ ಒಂದೇ ಕಮೆಂಟ್ ಸಂಗ್ರಹದಲ್ಲಿ 18 ಲಕ್ಷ ಕಮೆಂಟುಗಳಿದ್ದವು. ನಾವು ದಿನಾ ಬರೆಯುವ, ಕನ್ನಡ ಇಂಗ್ಲಿಷ್ ಕಲಸಿದ ಕಮೆಂಟುಗಳಲ್ಲಿ ನಿಂದನೆಯನ್ನು ಗುರುತಿಸಲು 2021ರ ಹೊತ್ತಿಗೆ ಸಂಶೋಧಕರ ಕೈಯಲ್ಲಿದ್ದ ಮುಖ್ಯ ಸಂಗ್ರಹದ ಗಾತ್ರ ಎಂಟು ಸಾವಿರಕ್ಕಿಂತ ಕಡಿಮೆ. ಆ ಸಂಶೋಧಕರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದೇ ಪದವನ್ನು ನಾಲ್ಕು ರೀತಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ, ಜಿಲ್ಲೆಗೊಂದು ಬೈಗುಳ, ಜಿಲ್ಲೆಗೊಂದು ಮುದ್ದಿನ ಮಾತು ಇರುವ ಭಾಷೆಗೆ ಇಷ್ಟು ಸಾಲದು. ಜಗತ್ತಿನ ಸಾವಿರಾರು ಭಾಷೆಗಳಿಗೆ ಅಷ್ಟೂ ಇಲ್ಲ. ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ನಮ್ಮ ಮುಂದಿದೆ. ರೊಹಿಂಗ್ಯಾ ಜನರ ಮೇಲೆ ದ್ವೇಷ ಉಕ್ಕಿ ಹರಿಯುತ್ತಿದ್ದಾಗ ಬರ್ಮೀ ಭಾಷೆ ಬಲ್ಲವರು ಫೇಸ್‌ಬುಕ್‌ನಲ್ಲಿ ಬೆರಳೆಣಿಕೆಯಷ್ಟಿದ್ದರು. ಜನರನ್ನು ಕೊಲ್ಲಿ ಎಂದು ಕರೆ ಕೊಡುವ ಪೋಸ್ಟ್ ಒಂದನ್ನು ಅದರ ಯಂತ್ರಾನುವಾದ ಕಾಮನಬಿಲ್ಲಿನ ಕುರಿತ ಅರ್ಥವಿಲ್ಲದ ವಾಕ್ಯವಾಗಿ ತೋರಿಸಿದ್ದನ್ನು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ಹಿಂಸೆ ತಡೆಯಲು ತಾನು ಸಾಕಷ್ಟು ಮಾಡಲಿಲ್ಲ ಎಂದು ಅದೇ ವರ್ಷ ಕಂಪನಿ ಒಪ್ಪಿಕೊಂಡಿತು.

ಇಂಗ್ಲಿಷ್ ಇದ್ದೂ ಕೈಕೊಟ್ಟ ಉದಾಹರಣೆ 2021ರ ಜುಲೈನದು. ಯುರೋ ಫುಟ್‌ಬಾಲ್ ಫೈನಲಿನಲ್ಲಿ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಇಂಗ್ಲೆಂಡಿನ ಮೂವರು ಕಪ್ಪು ಆಟಗಾರರಾದ ರಾಶ್‌ಫರ್ಡ್, ಸ್ಯಾಂಚೊ, ಸಾಕಾ ಅವರ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಕೋತಿ ಇಮೋಜಿಗಳ ಸುರಿಮಳೆಯಾಯಿತು. ಜನ ರಿಪೋರ್ಟ್ ಮಾಡಿದರು. ಇದು ನಿಯಮಕ್ಕೆ ವಿರುದ್ಧವಲ್ಲ ಎಂಬ ಉತ್ತರ ಹಲವರಿಗೆ ಬಂತು. ತಂತ್ರಾಂಶ ತಪ್ಪಾಗಿ ಗುರುತಿಸಿತ್ತು ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥರು ಆಮೇಲೆ ಹೇಳಿದರು. ದ್ವೇಷ ತುಂಬಿದವರಿಗೆ ಯಂತ್ರವನ್ನು ದಾಟುವ ದಾರಿ ಹುಡುಕಲು ಪುರುಸೊತ್ತೂ ಇದೆ, ಉತ್ಸಾಹವೂ ಇದೆ. ಒಂದು ಅಕ್ಷರ ಬದಲಿಸುತ್ತಾರೆ, ನಡುವೆ ಚುಕ್ಕೆ ಇಡುತ್ತಾರೆ. ದ್ವೇಷದ ವಾಕ್ಯದ ಕೊನೆಗೆ “ಲವ್” ಎಂದು ಸೇರಿಸಿದರೇ ಆಗಿನ ಹಲವು ಮಾದರಿಗಳು ಮೋಸಹೋಗುತ್ತವೆಂದು ಫಿನ್ಲೆಂಡಿನ ಸಂಶೋಧಕರು 2018ರಲ್ಲಿ ತೋರಿಸಿದ್ದರು. ಯಂತ್ರಕ್ಕೆ ಸಿಕ್ಕಿಬೀಳುವವರು ಯಾವ ತಂತ್ರವನ್ನೂ ಮಾಡದೆ ನೇರವಾಗಿ ಮಾತಾಡುವವರು.

ನೇರವಾಗಿ ಮಾತಾಡುವವರೆಂದರೆ ಬಹಳ ಸಲ ಅನ್ಯಾಯಕ್ಕೆ ಒಳಗಾದವರು. ತನಗೆ ಬಂದ ಅಶ್ಲೀಲ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿ “ನಾಚಿಕೆ ಆಗಲ್ವಾ ನಿನಗೆ? ಥೂ” ಎಂದು ಬರೆಯುವ ಹೆಂಗಸನ್ನು ನೆನೆಯಿರಿ. ಅವಳ ಪರದೆಯ ಮೇಲೆ ಆ ಹೊತ್ತಿಗೆ “ಇದನ್ನು ಇನ್ನಷ್ಟು ಸೌಜನ್ಯದಿಂದ ಹೇಳಬಹುದೇ?” ಎಂಬ ಸೂಚನೆ ಮೂಡುತ್ತದೆ. ಎರಡು ಸೆಕೆಂಡಿನ ವಿಷಯ, ಬೇಡವಾದರೆ ಬಿಡಬಹುದು ಎನ್ನುವವರು ಆ ಎರಡು ಸೆಕೆಂಡ್ ಅವಳ ಜಾಗದಲ್ಲಿ ಕೂತು ನೋಡಬೇಕು. ಮೆಲ್ಲಗೆ ಮಾತಾಡು, ದನಿ ಏರಿಸಬೇಡ, ನಾಲ್ಕು ಜನ ಏನಂದಾರು ಎಂದು ಅವಳಿಗೆ ಹೇಳುವವರಿಗೆ ಮೊದಲೂ ಕೊರತೆಯಿರಲಿಲ್ಲ. ಈಗ ಆ ಸಾಲಿಗೆ ಎಂದೂ ದಣಿಯದ ಒಂದು ದನಿ ಸೇರಿತು. ಅವಳಿಗೆ ಮೆಸೇಜ್ ಕಳಿಸಿದವನು, ಅಂದ ಹಾಗೆ, “ನೀವು ತುಂಬಾ ಸುಂದರವಾಗಿದ್ದೀರಿ, ಒಬ್ಬರೇ ಇರುತ್ತೀರಾ?” ಎಂದು ಶುರುಮಾಡಿದ್ದರೆ ಅವನಿಗೆ ಯಾವ ಸೂಚನೆಯೂ ಬಂದಿರಲಿಕ್ಕಿಲ್ಲ. ನನ್ನ ವಿರೋಧದ ಬೇರು ಇರುವುದು ಇಲ್ಲಿ. ಸಿಟ್ಟನ್ನು ಅಗೌರವವೆಂದೂ ನಯವನ್ನು ಗೌರವವೆಂದೂ ತಿಳಿಯುವ ವ್ಯವಸ್ಥೆ ಯಾವಾಗಲೂ ಬಲಶಾಲಿಗಳ ಪರ ವಾಲುತ್ತದೆ, ಏಕೆಂದರೆ ನಯವಾಗಿರಲು ಅವರಿಗೆ ಏನೂ ಖರ್ಚಾಗುವುದಿಲ್ಲ.

ಎಚ್ಚರಿಕೆಯ ಸಾಲು ಫಲ ಕೊಟ್ಟಿದೆ ಎನ್ನುವವರು ಟ್ವಿಟರ್ ಅಧ್ಯಯನವನ್ನು ಮುಂದಿಡುತ್ತಾರೆ. ಅದನ್ನು ಪೂರ್ತಿ ಓದಬೇಕು. ಸೂಚನೆ ಕಂಡಮೇಲೂ ಶೇ 69ರಷ್ಟು ಟ್ವೀಟುಗಳು ಒಂದಕ್ಷರ ಬದಲಾಗದೆ ಹೋದವು. ತಿದ್ದಿದವುಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವು ಮೊದಲಿನಷ್ಟೇ ಕಟುವಾಗಿದ್ದವು, ಕೆಲವು ಇನ್ನೂ ಕೆಟ್ಟವಾದವು. ಉಳಿದ ಸುಧಾರಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಯಾರ ಕೈಯಲ್ಲಿದೆ ಎಂಬುದು ನನ್ನ ಪ್ರಶ್ನೆ. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಮಾರಾಟವಾಯಿತು, ಮುಂದಿನ ತಿಂಗಳೇ ಬಳಕೆದಾರರ ಸುರಕ್ಷತೆ ನೋಡಿಕೊಳ್ಳುತ್ತಿದ್ದವರಲ್ಲಿ ಅನೇಕರು ಕೆಲಸ ಕಳೆದುಕೊಂಡರು. 2025ರ ಜನವರಿಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾ ತನ್ನ ದ್ವೇಷ ಭಾಷಣದ ನಿಯಮ ಸಡಿಲಿಸಿತು, ಯಾಂತ್ರಿಕ ಜರಡಿಯನ್ನು ತೀವ್ರ ಉಲ್ಲಂಘನೆಗಳಿಗೆ ಸೀಮಿತಗೊಳಿಸಿ ಉಳಿದದ್ದಕ್ಕೆ ಯಾರಾದರೂ ರಿಪೋರ್ಟ್ ಮಾಡಿದರೆ ನೋಡುತ್ತೇವೆ ಎಂದಿತು. ಕೋಟ್ಯಂತರ ಜನ ಒಬ್ಬರನ್ನೊಬ್ಬರು ಹೇಗೆ ಮಾತಾಡಿಸಬೇಕು ಎಂಬ ಗೆರೆ ಒಂದು ಕೋಣೆಯ ತೀರ್ಮಾನದಿಂದ ಆಚೀಚೆ ಸರಿಯಿತು.

ಇಷ್ಟಕ್ಕೂ ಅದೇ ಕಂಪನಿಗಳ ಇನ್ನೊಂದು ಎಐ ಇಪ್ಪತ್ನಾಲ್ಕು ಗಂಟೆ ಏನು ಮಾಡುತ್ತಿದೆ? ಯಾವ ಪೋಸ್ಟ್ ಮೇಲೆ ಬರಬೇಕು, ಯಾವುದು ಕೆಳಗೆ ಹೋಗಬೇಕು ಎಂದು ನಿರ್ಧರಿಸುತ್ತಿದೆ. 2017ರಿಂದ ಕೆಲವು ಕಾಲ ಫೇಸ್‌ಬುಕ್‌ನ ಲೆಕ್ಕದಲ್ಲಿ ಒಂದು ಸಿಟ್ಟಿನ ಇಮೋಜಿಗೆ ಐದು ಲೈಕಿನ ತೂಕವಿತ್ತು ಎಂದು 2021ರಲ್ಲಿ ಹೊರಬಂದ ದಾಖಲೆಗಳಿಂದ ತಿಳಿಯಿತು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ ಏಳು ಸಾವಿರಕ್ಕೂ ಹೆಚ್ಚು ಬಳಕೆದಾರರ 1.27 ಕೋಟಿ ಟ್ವೀಟುಗಳನ್ನು ಜಾಲಾಡಿದರು. ಆಕ್ರೋಶದ ಟ್ವೀಟಿಗೆ ಲೈಕು, ಶೇರು ಹೆಚ್ಚು ಸಿಕ್ಕವರು ಮುಂದೆ ಇನ್ನೂ ಹೆಚ್ಚು ಆಕ್ರೋಶದಿಂದ ಬರೆಯತೊಡಗಿದ್ದು ಕಂಡುಬಂತು. ಜನರನ್ನು ದಿನವಿಡೀ ಕೆರಳಿಸಿ, ಕೆರಳಿದವರಿಗೆ ಬಹುಮಾನ ಕೊಟ್ಟು, ಕೊನೆಗೆ ಕಮೆಂಟ್ ಪೆಟ್ಟಿಗೆಯ ಬಳಿ ನಿಂತು “ಸ್ವಲ್ಪ ಮೃದುವಾಗಿ ಹೇಳಿ” ಎನ್ನುವುದರಲ್ಲಿ ನನಗೆ ದಯೆ ಕಾಣುವುದಿಲ್ಲ. ತಪ್ಪನ್ನು ಬರೆದವರೊಬ್ಬರ ತಲೆಗೇ ಕಟ್ಟಿ, ಕೆರಳಿಸಿದ ವ್ಯವಸ್ಥೆಯನ್ನು ಬಿಟ್ಟುಬಿಡಲು ಇದು ಅನುಕೂಲವಾಗುತ್ತದೆ.

ಸಾಂತ್ವನದ ಮಾತಿಗೂ ಬರೋಣ. ಕಾರ್ನೆಲ್ ಸಂಶೋಧಕರ 2023ರ ಅಧ್ಯಯನದಲ್ಲಿ, ಎಐ ಸೂಚಿಸಿದ ಉತ್ತರ ಬಳಸಿದವರ ಮಾತು ಹೆಚ್ಚು ಹಿತವಾಗಿತ್ತು. ಆದರೆ ಎದುರಿನವರು ಎಐ ಬಳಸುತ್ತಿದ್ದಾರೆಂಬ ಸಂಶಯ ಹುಟ್ಟಿದ ಕೂಡಲೇ, ಅವರು ನಿಜಕ್ಕೂ ಬಳಸಿರಲಿ ಬಿಡಲಿ, ಅವರ ಮೇಲಿನ ಭಾವನೆ ಕೆಟ್ಟಿತು. ಈ ಸಂಶಯ ಈಗ ಎಲ್ಲ ಕಡೆ ಇದೆ. ತಂದೆ ತೀರಿಕೊಂಡ ದಿನ ಬಂದ ನಾಲ್ಕು ಸಾಲಿನ ಸುಂದರ ಸಂದೇಶವನ್ನು ಓದುವಾಗ ಇದು ಅವಳೇ ಬರೆದದ್ದೇ ಎಂಬ ಪ್ರಶ್ನೆ ಏಳುತ್ತದೆ. “ಏನು ಹೇಳಬೇಕೋ ಗೊತ್ತಾಗ್ತಿಲ್ಲ ಕಣೆ” ಎಂಬ ಮುರುಕು ಮಾತಿಗೆ ಆ ಅನುಮಾನ ಹತ್ತುವುದಿಲ್ಲ. ನಮ್ಮ ತಡವರಿಕೆಯನ್ನು ಅಳಿಸಿಹಾಕುವ ಸಹಾಯ, ನಾವು ಅವರಿಗಾಗಿ ಪಟ್ಟ ಪಾಡನ್ನೂ ಅಳಿಸುತ್ತದೆ.

ಮನುಷ್ಯರ ಕಣ್ಣನ್ನು ಯಂತ್ರ ಕಾಪಾಡುತ್ತದೆ ಎಂಬ ವಾದಕ್ಕೆ ಹೆಚ್ಚು ಹೇಳಬೇಕಿಲ್ಲ. ಚಾಟ್‌ಜಿಪಿಟಿಗೆ ಹೊಲಸನ್ನು ಗುರುತಿಸಲು ಕಲಿಸಲೆಂದು ಕೆನ್ಯಾದ ಕೆಲಸಗಾರರು ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಕೂಲಿಗೆ ಅದನ್ನೆಲ್ಲ ಓದಿ ಗುರುತು ಹಾಕಿದರು ಎಂದು ಟೈಮ್ ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ನೋಡುವ ಕಣ್ಣು ತಪ್ಪಿಲ್ಲ, ನಮಗೆ ಕಾಣದಷ್ಟು ದೂರ ಹೋಗಿದೆ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ರೆಡ್ಡಿಟ್ ಎಂಬ ಚರ್ಚಾ ಜಾಲತಾಣದ ವಿಜ್ಞಾನ ಗುಂಪಿನಲ್ಲಿ ನೇಥನ್ ಮಟಿಯಾಸ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಚರ್ಚೆಯ ಮೇಲ್ಭಾಗದಲ್ಲಿ ಗುಂಪಿನ ನಿಯಮಗಳನ್ನು, ಅವುಗಳನ್ನು ನೋಡಿಕೊಳ್ಳಲು ಮಾಡರೇಟರುಗಳಿದ್ದಾರೆ ಎಂಬುದನ್ನು ಬರೆದು ಅಂಟಿಸಿದರು, ಅಷ್ಟೆ. ಹೊಸಬರು ನಿಯಮ ಪಾಲಿಸುವುದು ಸುಮಾರು 8 ಶೇಕಡಾಂಶ ಹೆಚ್ಚಿತು. ಅದಕ್ಕಿಂತ ನನಗೆ ಹಿಡಿಸಿದ್ದು ಮುಂದಿನದು: ಚರ್ಚೆಗೆ ಬರುವ ಹೊಸಬರ ಪಾಲ್ಗೊಳ್ಳುವಿಕೆಯೂ ಸರಾಸರಿ ಶೇ 70ರಷ್ಟು ಏರಿತು. ಮಾತನ್ನು ಅಳೆಯುವ ಯಾವ ಎಐಯೂ ಅಲ್ಲಿರಲಿಲ್ಲ. ಇಲ್ಲಿ ಇಂಥ ನಡವಳಿಕೆ ನಡೆಯುತ್ತದೆ, ನೋಡಿಕೊಳ್ಳುವ ಮನುಷ್ಯರಿದ್ದಾರೆ ಎಂದು ತಿಳಿದಾಗ, ಅಂಜಿ ಹೊರಗೆ ನಿಂತಿದ್ದವರು ಒಳಗೆ ಬಂದರು.

ಅಂಥ ನೋಡಿಕೊಳ್ಳುವವರು ಇವತ್ತು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಕಂಪನಿಗಳು ಅವರಿಗೆ ದುಡ್ಡು ಕೊಡಲಿ, ಆಯಾ ಭಾಷೆ ಬಲ್ಲವರನ್ನು ನೇಮಿಸಿಕೊಳ್ಳಲಿ, ಅಳಿಸಿದ ಪೋಸ್ಟಿನ ಮೇಲ್ಮನವಿಯನ್ನು ಮನುಷ್ಯರೇ ಓದಲಿ, ಯಾವ ಪ್ರತಿಕ್ರಿಯೆಗೆ ಎಷ್ಟು ತೂಕ ಕೊಡುತ್ತೇವೆಂದು ಬಹಿರಂಗವಾಗಿ ಹೇಳಲಿ. ಈ ನಾಲ್ಕನ್ನೂ ಮಾಡಲು ಹೊಸ ಯಂತ್ರವೇನೂ ಬೇಕಿಲ್ಲ. ಇಷ್ಟು ಮಾಡದ ಕಂಪನಿ ನನ್ನ ಮಾತು ತಿದ್ದಲು ಬಂದರೆ ನಾನು ಒಪ್ಪುವುದಿಲ್ಲ.